ಕಂಡಕ್ಟರ್ ನಡೆಸಿದ ಸಂಸಾರ

"ಚಿಲ್ಲರೆ ಇಲ್ಲ" ಎಂಬ ಮಾತನ್ನು ಬಾಯಿತಪ್ಪಿಯೂ ಆಡದ ಕಂಡಕ್ಟರ್ ಒಬ್ಬರಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಆದರೆ ಅಂಥವರೊಬ್ಬರು ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಮಹಡಿಯ ಮೇಲೆ ಬಹಳ ವರ್ಷ ಬಾಡಿಗೆಗಿದ್ದರು. ಹೋದ ವಾರ ಅವರ ಮಗಳು ಮೈಸೂರುಪಾಕಿನ ಡಬ್ಬಿ ಹಿಡಿದು ಬಂದಿದ್ದಳು. "ಆಂಟಿ, ಅಪ್ಪ ಈ ತಿಂಗಳು ರಿಟೈರ್ ಆಗ್ತಿದಾರೆ. ಡಿಪೋದಲ್ಲಿ ಹಾರ ಹಾಕ್ತಾರಂತೆ. ನೀವೂ ಅಂಕಲ್ಲೂ ಬರ್ಲೇಬೇಕಂತೆ" ಎಂದಳು. ಬರುತ್ತೇನೆ ಎಂದೆ. ಅವಳು ಹೋದ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ನಮ್ಮ ಮನೆಯವರು ಬಂದು ಡಬ್ಬಿ ತೆಗೆದುಕೊಂಡು ಹೋದದ್ದೂ ನನಗೆ ತಿಳಿಯಲಿಲ್ಲ. ಸಕ್ಕರೆ ಕಾಯಿಲೆಯವರು ಅವರು, ಅಂಥ ಅವಕಾಶ ಬಿಡುವವರಲ್ಲ.

ನಮ್ಮ ಕಂಡಕ್ಟರು ಆಳು ಕುಳ್ಳು. ಬಣ್ಣ ಕಪ್ಪು. ತಲೆಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ನಮ್ಮ ಮೊಸಾಯಿಕ್ ನೆಲದ ಮೇಲೂ ಕಾಲು ಅಗಲಿಸಿಕೊಂಡೇ ನಿಲ್ಲುತ್ತಿದ್ದರು, ಮನೆ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕಬಹುದು ಎಂಬ ಅನುಮಾನ ಇದ್ದವರ ಹಾಗೆ. ಬಾಡಿಗೆ ಕೊಡಲು ಬಂದಾಗ ನೋಟುಗಳನ್ನು ಉದ್ದಕ್ಕೆ ಮಡಿಸಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಆ ನೋಟುಗಳನ್ನು ನೆಟ್ಟಗೆ ಮಾಡುವುದೇ ನನಗೊಂದು ಕೆಲಸ. ಮೇಲಿನ ಮನೆಗೆ ಬಂದ ನೆಂಟರು ಹೊರಟರೆ ಮೆಟ್ಟಿಲ ತುದಿಯಲ್ಲಿ ನಿಂತು, "ನಿಧಾನ, ನಿಧಾನ, ಇಳಿಯೋರು ಮೊದ್ಲು ಇಳೀಲಿ" ಎನ್ನುತ್ತಿದ್ದರು. ಕೊನೆಯವರು ಗೇಟು ದಾಟಿದ ಮೇಲೆ ತಮ್ಮಷ್ಟಕ್ಕೆ ಒಂದು "ರೈಟ್" ಹೇಳಿ ಒಳಗೆ ಹೋಗುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ದಾವಣಗೆರೆ ಕಡೆಯವಳು, ಬಾಯಿ ಸ್ವಲ್ಪ ಜೋರು. ಬಾಡಿಗೆದಾರರ ಜೊತೆ ಹೆಚ್ಚು ಮಾತು ಬೆಳೆಸಬಾರದು ಎನ್ನುವುದು ನಮ್ಮ ಮನೆಯವರ ಸಿದ್ಧಾಂತ. ಅದನ್ನು ನಾನು ಎಲ್ಲರ ವಿಷಯದಲ್ಲೂ ಪಾಲಿಸಿದ್ದೇನೆ, ಇವರೊಬ್ಬರನ್ನು ಬಿಟ್ಟು. ಸಂಜೆ ಡ್ಯೂಟಿ ಮುಗಿಸಿ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ಷೂ ಬಿಚ್ಚುತ್ತಾ ಅವರು ಆ ದಿನದ ಬಸ್ಸಿನ ಕಥೆ ಹೇಳಿದರೆ ನನ್ನ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಒಂದು ಸಲ, "ಅಷ್ಟು ಜನ ನಿಂತಿರ್ತಾರಲ್ರೀ, ಬೈಯಲ್ವಾ ನಿಮ್ಮನ್ನ?" ಎಂದು ಕೇಳಿದೆ.

"ನಿಂತಿರೋರೂ ಅದೇ ದುಡ್ಡು ಕೊಡ್ತಾರೆ ಮೇಡಂ, ಕೂತಿರೋರೂ ಅದೇ ದುಡ್ಡು ಕೊಡ್ತಾರೆ. ಆದ್ರೆ ಗೊಣಗೋರು ಯಾವಾಗ್ಲೂ ಕೂತಿರೋರೇ" ಎಂದರು.

ನಾನು ಆರಾಮ ಕುರ್ಚಿಯಲ್ಲಿದ್ದೆ. ಕಾರ್ಪೊರೇಷನ್ ನೀರಿನ ಬಗ್ಗೆ ಆಗಷ್ಟೇ ಅರ್ಧ ಗಂಟೆ ಗೊಣಗಿದ್ದೆ. ಅದಕ್ಕೇ ಹೇಳಿದರೋ, ಸುಮ್ಮನೆ ಹೇಳಿದರೋ, ಮುಖ ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ.

ಅವರಿಗೆ ಪೆಟ್ಟಾದದ್ದು ಮಗಳು ನರ್ಸಿಂಗ್ ಕಾಲೇಜಿಗೆ ಸೇರಿದ ವರ್ಷ. ಮಾಗಡಿ ರಸ್ತೆಯಲ್ಲಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡ ಸ್ಕೂಟರ್ ಒಂದು ಬಸ್ಸಿಗೆ ಅಡ್ಡ ಬಂದಿದೆ. ಡ್ರೈವರ್ ಬ್ರೇಕ್ ತುಳಿದಿದ್ದಾರೆ. ಇವರು ಮುಂದಿನ ಬಾಗಿಲ ಹತ್ತಿರ ನಿಂತು ಯಾರೋ ಅಜ್ಜನಿಗೆ ಚಿಲ್ಲರೆ ಎಣಿಸುತ್ತಿದ್ದರಂತೆ. ಮೆಟ್ಟಿಲ ಮೇಲೆ ಬಿದ್ದ ರಭಸಕ್ಕೆ ಬಲಗಾಲಿನ ಮಂಡಿ ಚಿಪ್ಪು ಒಡೆಯಿತು, ಸೊಂಟದ ಹತ್ತಿರವೂ ಮೂಳೆ ಬಿರುಕು ಬಿಟ್ಟಿತು. "ಕಂಬ ಹಿಡ್ಕೊಂಡು ನಿಲ್ಲಬಾರದಾ?" ಎಂದು ಆಸ್ಪತ್ರೆಯಲ್ಲಿ ನಾನು ಗದರಿದರೆ, "ಎರಡು ಕೈಯೂ ಜನಗಳ ಕೆಲ್ಸಕ್ಕೇ ಹೋಗ್ಬಿಡುತ್ತೆ ಮೇಡಂ. ಕಂಬ ಹಿಡಿಯೋಕೆ ಮೂರನೇದು ದೇವ್ರು ಕೊಟ್ಟಿಲ್ವಲ್ಲ" ಎಂದರು. ಆಪರೇಷನ್ ಮುಗಿದು ಎಚ್ಚರವಾದಾಗ ಅವರು ಆಡಿದ ಮೊದಲ ಮಾತು ಆ ಅಜ್ಜನ ಚಿಲ್ಲರೆ ಏನಾಯಿತು ಎಂಬುದು. ಹೆಂಡತಿ ಹಣೆ ಚಚ್ಚಿಕೊಂಡರು.

ಮೊದಲು ಪೂರ್ತಿ ಸಂಬಳದ ರಜೆ ಸಿಕ್ಕಿತು. ಆಮೇಲೆ ಅರ್ಧ ಸಂಬಳದ್ದು. ಆಮೇಲೆ ಸಂಬಳವೇ ಇಲ್ಲದ್ದು. ಆಸ್ಪತ್ರೆಯ ಖರ್ಚಿನ ದೊಡ್ಡ ಪಾಲು ಬಸ್ ಸಂಸ್ಥೆಯಿಂದ ಬಂತು, ಆದರೆ ಮನೆ ನಡೆಯುವುದು ಆಸ್ಪತ್ರೆಯ ಬಿಲ್ಲಿನಿಂದಲ್ಲವಲ್ಲ. ಇನ್ನು ಬಸ್ಸಿನಲ್ಲಿ ದಿನವಿಡೀ ನಿಲ್ಲುವುದು ಸಾಧ್ಯವಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಕೂತು ಮಾಡುವ ಕೆಲಸಕ್ಕೆ, ಅಂದರೆ ಲೈಟ್ ಡ್ಯೂಟಿಗೆ, ಅರ್ಜಿ ಹಾಕಿದ್ದರು. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದು ಹೋಗುತ್ತಿತ್ತು. ಅದರ ಮಂಡಿಗೂ ಪೆಟ್ಟಾಗಿತ್ತೋ ಏನೋ. ಗಂಡ ಹೆಂಡತಿ ಇಬ್ಬರಿಗೂ ಇದ್ದ ಭಯ ಒಂದೇ: ಮಗಳ ಕಾಲೇಜು ನಿಂತುಹೋದರೆ? ಮೊದಲ ವರ್ಷದ ಫೀಸು ಕಟ್ಟಾಗಿತ್ತು. ಎರಡನೇ ವರ್ಷದ್ದು ಐವತ್ತು ಸಾವಿರ, ಮುಂದೆ ಬಾಯಿ ತೆರೆದುಕೊಂಡು ಕೂತಿತ್ತು. ಹುಡುಗಿ ಒಂದು ದಿನ, "ಒಂದು ವರ್ಷ ಬಿಟ್ಟು ಓದ್ತೀನಪ್ಪ, ಯಾವುದಾದ್ರೂ ಅಂಗಡೀಲಿ ಕೆಲ್ಸಕ್ಕೆ ಸೇರ್ಕೊತೀನಿ" ಎಂದಳಂತೆ. ಅವರು ಅವಳ ಜೊತೆ ಎರಡು ದಿನ ಮಾತಾಡಲಿಲ್ಲ. ಅವರ ಮೌನವನ್ನು ನಾನು ಕಂಡದ್ದು ಅದೊಂದೇ ಸಲ.

ಹೆಂಡತಿ ಬಾಪೂಜಿ ನಗರದ ಹತ್ತಿರ ಒಂದು ಅಗರಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡರು. ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಇದ್ದದ್ದರಿಂದ ಓಡಾಟದ ಖರ್ಚು ಉಳಿಯಿತು. ಸಂಜೆ ಅವರು ಗೇಟು ತೆಗೆದರೆ ಸಾಕು, ನಮ್ಮ ಮನೆಯವರೆಗೂ ಮಲ್ಲಿಗೆ, ಗಂಧ, ಕೇದಗೆ ಎಲ್ಲಾ ಕಲಸಿದ ವಾಸನೆ ಬರುತ್ತಿತ್ತು. ಅಲ್ಲಿಯವರೆಗೆ ಆ ಮನೆಯ ಹಣಕಾಸೆಲ್ಲ ಆಕೆಯ ಕೈಯಲ್ಲಿತ್ತು. ಇವರು ಸಂಬಳ ತಂದು ಕೊಟ್ಟು ಬೀಡಾಕ್ಕೆ ಇಪ್ಪತ್ತು ರೂಪಾಯಿ ಕೇಳಿ ಪಡೆಯುತ್ತಿದ್ದವರು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸಂಬಳ ತಂದ ಆಕೆ ಅದನ್ನು ಗಂಡನ ಮುಂದಿಟ್ಟು, "ತಗೊಳ್ಳಿ. ದಿನಾ ಸಾವಿರಾರು ಜನರ ದುಡ್ಡು ನೋಡ್ಕೊಂಡೋರಲ್ವಾ? ಮೂರು ಜನರದ್ದು ನೋಡ್ಕೊಳ್ಳಿ. ನನಗೆ ದುಡಿಯೋದೂ ನಡೆಸೋದೂ ಎರಡೂ ಆಗಲ್ಲ" ಎಂದರು.

ಹೀಗೆ ನಮ್ಮ ಕಂಡಕ್ಟರು ತಮ್ಮದೇ ಸಂಸಾರದ ಕಂಡಕ್ಟರ್ ಆದರು.

ಸವೆದು ಹೋಯಿತೆಂದು ಬದಲಾಯಿಸಿದ್ದ ಹಳೆಯ ಚರ್ಮದ ಚೀಲವೊಂದು ಅವರ ಅಟ್ಟದ ಮೇಲಿತ್ತು. ಮಗಳ ಕೈಯಲ್ಲಿ ಅದನ್ನು ಇಳಿಸಿ, ಎಣ್ಣೆ ಹಚ್ಚಿ ಒರೆಸಿ, ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದರು. ಅದರಲ್ಲಿ ನಾಲ್ಕೈದು ಖಾನೆ. ಬಾಡಿಗೆಗೆ ಒಂದು, ರೇಷನ್ನಿಗೆ ಒಂದು, ಗ್ಯಾಸು ಮತ್ತು ಕರೆಂಟಿಗೆ ಒಂದು, ಮಾತ್ರೆಗೆ ಒಂದು. ಎಲ್ಲಕ್ಕಿಂತ ಒಳಗಿನ, ಗುಂಡಿ ಇರುವ ಖಾನೆ ಮಗಳ ಕಾಲೇಜಿಗೆ. ಹೆಂಡತಿಯ ಸಂಬಳ ಬ್ಯಾಂಕಿಗೆ ಬಂದರೆ ಪೂರ್ತಿ ನೋಟು ಮಾಡಿಸಿ ತರಿಸುತ್ತಿದ್ದರು. "ಈಗ ಎಲ್ಲಾ ಫೋನಲ್ಲೇ ಆಗುತ್ತಲ್ರೀ" ಎಂದರೆ, "ಬಂದಿದ್ದು ಕಣ್ಣಿಗೆ ಕಾಣದ ದುಡ್ಡು ಹೋಗಿದ್ದೂ ಕಾಣಲ್ಲ ಮೇಡಂ" ಎನ್ನುತ್ತಿದ್ದರು. ನಾನೂ ಒಂದು ತಿಂಗಳು ಹಾಗೇ ಮಾಡಿ ನೋಡಿದೆ. ಕೊರಿಯರಿನವನು ತರುವ ಪೆಟ್ಟಿಗೆಗಳು ನಮ್ಮ ಮನೆಗೆ ಬರುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ತಿಂಗಳು ಅವರಿಗೆ ತಿಂಗಳಲ್ಲ, ಒಂದು ಟ್ರಿಪ್ಪು. ಒಂದನೇ ತಾರೀಖು ಮೆಜೆಸ್ಟಿಕ್, ಕೊನೆಯ ತಾರೀಖು ಕೆಂಗೇರಿ. ನಡುವೆ ಮಾರ್ಕೆಟ್ಟು, ಸಿರ್ಸಿ ಸರ್ಕಲ್ಲು, ಬಾಪೂಜಿ ನಗರ, ನಾಯಂಡಹಳ್ಳಿ. ಮಗಳು ಕಾಲೇಜಿಗೆ ಹೊರಡುವಾಗ, "ಅಪ್ಪಾ, ಈಗ ಎಲ್ಲಿದೀವಿ?" ಎಂದು ಮೆಟ್ಟಿಲಿಂದಲೇ ಕೂಗುತ್ತಿದ್ದಳು. "ಮಾರ್ಕೆಟ್" ಎಂದರೆ ಗೆಳತಿಯರ ಜೊತೆ ಒಂದು ಮಸಾಲೆದೋಸೆ ತಿನ್ನಬಹುದು. "ನಾಯಂಡಹಳ್ಳಿ" ಎಂದರೆ ಏನೂ ಕೇಳುವ ಹಾಗಿಲ್ಲ. ತಿಂಗಳ ಇಪ್ಪತ್ತರ ಆಸುಪಾಸಿಗೆ ಆ ಸಂಸಾರ ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬಿಡುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಆ ದಿನಗಳಲ್ಲಿ ಮೇಲಿಂದ ಬರೀ ಹುರುಳಿಕಾಳಿನ ಸಾರಿನ ವಾಸನೆ ಬರುತ್ತಿತ್ತು. ಅವರ ಮಾತು ಎಷ್ಟು ಅಂಟಿಕೊಂಡಿತೆಂದರೆ ನಮ್ಮ ಮನೆಯವರು ಪೆನ್ಷನ್ ಬರುವ ಮುಂಚೆ ಹೊಸ ಚಪ್ಪಲಿ ಬೇಕೆಂದಾಗ ನಾನೂ, "ರಾಜರಾಜೇಶ್ವರಿ ನಗರದ ಗೇಟು ದಾಟಲಿ ತಡೀರಿ" ಎಂದಿದ್ದೆ.

ಎಲ್ಲ ಸರಿ, ಆದರೆ ಒಂದು ವಿಷಯದಲ್ಲಿ ಅವರು ಪೂರ್ತಿ ದಂಡ. ಅವರಿಗೆ ಚೌಕಾಸಿ ಮಾಡಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದಕ್ಕಿಂತ ಅದನ್ನು ಅವರು ತಪ್ಪೆಂದೇ ನಂಬಿದ್ದರು. ಬಸ್ಸಿನಲ್ಲಿ ಇಂತಲ್ಲಿಂದ ಇಂತಲ್ಲಿಗೆ ಇಷ್ಟು ಅಂದರೆ ಇಷ್ಟು. ಮಂತ್ರಿಯ ಮಗ ಹತ್ತಿದರೂ ಅಷ್ಟೇ, ಗಾರೆ ಕೆಲಸದವನು ಹತ್ತಿದರೂ ಅಷ್ಟೇ. ಎರಡು ರೂಪಾಯಿ ಬಿಟ್ಕೊಡಿ ಎಂದವರನ್ನು ಅವರು ಜೀವಮಾನವಿಡೀ ಇಳಿಸಿದ್ದರು. ಆದ್ದರಿಂದ ಹೇರೋಹಳ್ಳಿ ಕಡೆಯಿಂದ ಗಾಡಿ ತಳ್ಳಿಕೊಂಡು ಬರುವ ಸೊಪ್ಪಿನವಳು ಕಟ್ಟಿಗೆ ನಲವತ್ತು ಎಂದರೆ ನಲವತ್ತನ್ನು ಉದ್ದಕ್ಕೆ ಮಡಿಸಿ ಕೊಟ್ಟುಬಿಡುತ್ತಿದ್ದರು. ಸೊಪ್ಪಿನವಳಿಗೇ ಗಾಬರಿ. ಒಂದು ಬೆಳಿಗ್ಗೆ ಅವಳು ನನ್ನ ಹತ್ತಿರ ಬಂದು, "ಅಮ್ಮಾ, ಮೇಲ್ಗಡೆ ಅಣ್ಣಂಗೆ ಸ್ವಲ್ಪ ಹೇಳಿ. ಕೇಳ್ದಷ್ಟು ಕೊಟ್ಬಿಡ್ತಾರೆ. ನಂಗೆ ಆಮೇಲೆ ಹೊಟ್ಟೆಗ್ ಹೋಗಲ್ಲ" ಎಂದಳು.

ಹೆಂಡತಿಗೆ ವಿಷಯ ತಿಳಿದು ರಾಮಾಯಣವಾಯಿತು. "ಅವಳು ನಲವತ್ತು ಅನ್ನೋದೇ ನಾವು ಇಪ್ಪತ್ತೈದು ಅನ್ಲಿ ಅಂತ ಕಣ್ರೀ!"

"ಅಂಗಾದ್ರೆ ಅವಳೇ ಇಪ್ಪತ್ತೈದು ಅನ್ಬೋದಲ್ಲಾ?"

"ಅಂದ್ರೆ ನಾವು ಹದಿನೈದು ಅಂತೀವಿ!"

"ಅದಕ್ಕೇ ನೋಡೇ, ನಂಗೆ ಇದೆಲ್ಲಾ ಅರ್ಥ ಆಗಲ್ಲ" ಎಂದು ಅವರು ಮಂಡಿ ನೀವಿಕೊಂಡರು. ಮಾತಿನಲ್ಲಿ ಸೋಲುವ ಸೂಚನೆ ಕಂಡಾಗ ಅವರ ಮಂಡಿ ನೋಯುತ್ತಿತ್ತು.

ಆದರೆ ದೇವರು ಒಂದು ಬಾಗಿಲು ಮುಚ್ಚಿದಲ್ಲಿ ಇವರು ತಾವೇ ಕಿಟಕಿ ಕೊರೆದುಕೊಂಡರು. ಡಿಪೋದ ಸ್ನೇಹಿತರಿಂದ ನಾಣ್ಯಗಳ ಗಂಟು ತರಿಸಿ ನೋಟು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಸೊಪ್ಪಿನವಳು, ಹೂವಿನವಳು, ಮೂಲೆಯ ಟೀ ಅಂಗಡಿಯವನು, ಎಲ್ಲರೂ ಚಿಲ್ಲರೆಗೆ ನಮ್ಮ ಮೆಟ್ಟಿಲಿಗೇ ಬರತೊಡಗಿದರು. ಹೆಗಲಿಗೆ ಚೀಲ ಹಾಕಿಕೊಂಡು, ಊರುಗೋಲನ್ನು ಗೋಡೆಗೆ ಒರಗಿಸಿ ಅವರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಇದಕ್ಕೆ ಪ್ರತಿಯಾಗಿ ಯಾರಾದರೂ ಒಂದು ಹಿಡಿ ಕರಿಬೇವು, ಎರಡು ನಿಂಬೆಹಣ್ಣು, ಮೊಳ ಹೂವು ಬಿಟ್ಟುಹೋಗುತ್ತಿದ್ದರು. ಅದನ್ನು ಅವರು ಸಂತೋಷವಾಗಿ ತೆಗೆದುಕೊಳ್ಳುತ್ತಿದ್ದರು. "ಇದು ಚೌಕಾಸಿ ಅಲ್ವಾ?" ಎಂದು ನಾನು ಕೆಣಕಿದರೆ, "ಇಲ್ಲ ಮೇಡಂ, ಇದು ಸರ್ವೀಸು" ಎಂದರು.

ಆ ವರ್ಷ ನಾನು ಬಾಡಿಗೆ ಹೆಚ್ಚಿಸುವ ಮಾತೆತ್ತಲಿಲ್ಲ. ಎತ್ತುವ ಮನಸ್ಸು ಯಾರಿಗೆ ಬರುತ್ತದೆ? ಏಪ್ರಿಲ್ ತಿಂಗಳ ಬಾಡಿಗೆಯನ್ನು ಎಣಿಸಿದರೆ ಪ್ರತಿ ವರ್ಷದಂತೆ ಐದು ನೂರು ಹೆಚ್ಚಿತ್ತು. ವಾಪಸ್ ಕೊಡಲು ಹೋದೆ. "ಏಪ್ರಿಲ್ ಬಂದದ್ದು ನಂಗೊಬ್ಬನಿಗೇ ಅಲ್ವಲ್ಲ ಮೇಡಂ" ಎಂದರು. ನನಗೆ ಸಿಟ್ಟು ಬಂತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಹಿರಿಯರು ಸುಮ್ನೆ ಹೇಳಿಲ್ರೀ" ಎಂದೆ.

ಅವರು ತಮ್ಮ ಬಲಗಾಲನ್ನು ನೋಡಿಕೊಂಡರು. ಮೂರು ಮೆಟ್ಟಿಲಿನುದ್ದಕ್ಕೂ ಅದು ನೆಟ್ಟಗೆ ಚಾಚಿಕೊಂಡಿತ್ತು. "ಕಾಲು ಮಡಚೋಕೆ ಬರದೇ ಇರೋನು ಏನ್ ಮಾಡ್ಬೇಕು ಅಂತ ಹಿರಿಯರು ಹೇಳಿದಾರಾ ಮೇಡಂ?" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಇನ್ನು ಚೀಟಿಯ ವಿಷಯಕ್ಕೆ ಬರಬೇಕು. ಆ ಮನುಷ್ಯನ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ನನಗೆ ಗೊತ್ತಾದದ್ದು ಅಲ್ಲಿಂದಲೇ.

ನಮ್ಮ ಬೀದಿಯ ಹೆಂಗಸರದ್ದು ಒಂದು ಚೀಟಿ ಇತ್ತು. ಇಪ್ಪತ್ತು ಜನ, ತಿಂಗಳಿಗೆ ತಲಾ ಎರಡೂವರೆ ಸಾವಿರ, ಒಟ್ಟು ಐವತ್ತು ಸಾವಿರ. ಗಣಿತದ ಟೀಚರ್ ಎಂಬ ಕಾರಣಕ್ಕೆ ನಡೆಸುವ ಹೊಣೆ ನನ್ನದು. ಹಣದ ಅಗತ್ಯ ಇದ್ದವರು ಹರಾಜು ಕೂಗುತ್ತಾರೆ. ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಬಿಟ್ಟುಕೊಟ್ಟ ಹಣವನ್ನು ಇಪ್ಪತ್ತು ಜನರೂ ಹಂಚಿಕೊಳ್ಳುತ್ತಾರೆ. ಕಷ್ಟ ಹೆಚ್ಚಿದ್ದವರು ಹೆಚ್ಚು ಕಳೆದುಕೊಳ್ಳುತ್ತಾರೆ, ಕಷ್ಟವಿಲ್ಲದವರು ಕೂತಲ್ಲೇ ಲಾಭ ಎಣಿಸುತ್ತಾರೆ. ಕ್ರೂರವಾದ ಲೆಕ್ಕ, ಆದರೆ ಊರೆಲ್ಲ ಒಪ್ಪಿದ ಲೆಕ್ಕ. ಹಿಂದಿನ ತಿಂಗಳು ಆರು ಸಾವಿರಕ್ಕೆ ಹೋಗಿತ್ತು.

ಮಹಡಿಯ ಮನೆಯವರದೂ ಒಂದು ಚೀಟಿ ಇತ್ತು, ಹೆಂಡತಿಯ ಹೆಸರಲ್ಲಿ. ಎಂಥ ನಾಯಂಡಹಳ್ಳಿಯಲ್ಲೂ ಅದರ ಕಂತು ತಪ್ಪಿರಲಿಲ್ಲ. ಎರಡನೇ ವರ್ಷದ ಫೀಸಿಗೆ ಅವರು ನಂಬಿಕೊಂಡಿದ್ದದ್ದು ಅದನ್ನೇ. ಕಾಲೇಜಿನಲ್ಲಿ ಕೊನೆಯ ದಿನ ಗೊತ್ತುಮಾಡಿಯಾಗಿತ್ತು, ಕಟ್ಟದವರ ಹೆಸರು ಹಾಜರಿಯಿಂದ ತೆಗೆಯುತ್ತಾರೆ ಎಂದು ಹುಡುಗಿ ಹೇಳಿದ್ದಳು. ಆ ತಿಂಗಳು ಚೀಟಿ ಎತ್ತಲೇಬೇಕಿತ್ತು. ಹೆಂಡತಿ ಕಾರ್ಖಾನೆಯಲ್ಲಿದ್ದುದರಿಂದ ಅವರೇ ಬರುತ್ತೇನೆ ಎಂದು ಹೇಳಿ ಕಳಿಸಿದರು.

ಅವರು ಇಳಿದು ಬರುವ ಮುಂಚೆ ನಮ್ಮ ಹಾಲಿನಲ್ಲಿ ಒಂದು ಗುಸುಗುಸು ನಡೆಯಿತು. ಶುರುಮಾಡಿದ್ದು ಹೂವಿನವಳು. "ಪಾಪ, ಆ ಮಗು ಫೀಸಿಗೆ ಕಣ್ರೀ. ಈ ಸತಿ ಯಾರೂ ಕೂಗ್ಬೇಡಿ. ಅಣ್ಣಂಗೆ ಪೂರ್ತಿ ಐವತ್ತೂ ಸಿಗ್ಲಿ" ಎಂದಳು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ನನ್ನ ಬೀದಿಯ ಹೆಂಗಸರ ಮೇಲೆ ನನಗೆ ಆಗ ಬಂದ ಅಭಿಮಾನ ಅಷ್ಟಿಷ್ಟಲ್ಲ. ಆ ಹೂವಿನವಳು ಬೇಕಿರಲಿ ಬೇಡವಾಗಿರಲಿ, ಸುಮ್ಮನೆ ಕೂಗಿ ಬೆಲೆ ಏರಿಸಿ ಮಜಾ ನೋಡುವವಳು.

ಅವರು ಒಂದೊಂದೇ ಮೆಟ್ಟಿಲಿಳಿದು ಬಂದರು. ಹೆಗಲಲ್ಲಿ ಚೀಲ, ಇಸ್ತ್ರಿ ಮಾಡಿದ ಅಂಗಿ. ಅಷ್ಟು ಹೆಂಗಸರ ನಡುವೆ ಒಬ್ಬರೇ ಗಂಡಸು, ಆದರೆ ಅದು ಅವರಿಗೆ ಹೊಸದಲ್ಲ. ಕುರ್ಚಿ ಕೊಟ್ಟೆ. "ಬೇಡ ಮೇಡಂ, ನಿಂತೇ ಅಭ್ಯಾಸ" ಎಂದು ಬಾಗಿಲ ಚೌಕಟ್ಟಿಗೆ ಒರಗಿದರು.

"ಯಾರು ಕೂಗ್ತೀರಿ?" ಎಂದೆ.

"ಒಂದು ಸಾವಿರ" ಎಂದರು ಅವರು.

ಒಬ್ಬಾಕೆ ಫ್ಯಾನ್ ನೋಡಿದಳು. ಇನ್ನೊಬ್ಬಳು ಬಳೆ ಎಣಿಸಿದಳು. ಹೂವಿನವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. "ಒಂದು ಸಾವಿರ ಒಂದು ಸಲ..." ಎಂದು ನಾನು ಬೇಗಬೇಗನೆ ಹೇಳತೊಡಗಿದೆ.

ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಟಿಕೆಟ್ ತೆಗೆದುಕೊಳ್ಳದ ಪ್ರಯಾಣಿಕರು ಕಂಡಕ್ಟರನ್ನು ಬಿಟ್ಟು ಪ್ರಪಂಚದ ಬೇರೆ ಎಲ್ಲವನ್ನೂ ನೋಡುತ್ತಾರಂತೆ. ಅಂಥ ಮುಖಗಳನ್ನು ಗುರುತಿಸುವುದೇ ಅವರ ಕಸುಬು. "ಏನ್ ಮೇಡಂ," ಎಂದರು, "ಇವತ್ತು ಬಸ್ಸಲ್ಲಿರೋರೆಲ್ಲಾ ಪಾಸ್‌ನೋರಾ?"

ಅವರು ಚೀಲವನ್ನು ಸರಿಮಾಡಿಕೊಂಡರು.

"ಎರಡು ಸಾವಿರ."

"ರೀ, ನಿಮ್ದೇ ಒಂದು ಸಾವಿರ ಇದೆ" ಎಂದೆ.

"ಮೂರು."

"ಯಾರೂ ಕೂಗ್ತಿಲ್ಲ ಕಣ್ರೀ! ನಿಮ್ಮ ಮೇಲೆ ನೀವೇ ಕೂಗ್ತೀರಾ?"

"ನಾಲ್ಕು... ಐದು... ಆರು. ಸಾಕು, ಆರಕ್ಕೆ ನಿಲ್ಲಿಸ್ತೀನಿ. ಹೋದ ತಿಂಗಳ ರೇಟು."

ಹೂವಿನವಳು ತಡೆಯಲಾರದೆ ಎದ್ದಳು. "ಅಣ್ಣಾ, ನಿಮಗೇನಾದ್ರೂ ತಲೆ ಕೆಟ್ಟಿದ್ಯಾ? ನಾವೇ ಬಿಟ್ಕೊಡ್ತಿದೀವಿ, ತಗೊಳ್ಳೋಕೇನು?"

"ಬಸ್ ಖಾಲಿ ಇದ್ರೆ ಟಿಕೆಟ್ ಕಮ್ಮಿ ಆಗುತ್ತೇನಮ್ಮಾ?" ಎಂದರು ಅವರು, ಮೆತ್ತಗೆ. "ಹೋದ ತಿಂಗಳು ಎತ್ತಿದೋರಿಗೂ ಕಷ್ಟಾನೇ ಇತ್ತು. ಅವರು ಆರು ಬಿಟ್ರು. ಅದ್ರಲ್ಲಿ ನಮ್ಮನೆಗೂ ಮುನ್ನೂರು ಬಂತು. ತಗೊಂಡೆ, ಹುರುಳಿಕಾಳು ತಂದೆ. ಈಗ ನನ್ನ ಸರದಿ."

ಆರು ಸಾವಿರ ಕಳೆದು ನಲವತ್ತನಾಲ್ಕು ಸಾವಿರ ಕೊಟ್ಟೆ. ಹೆಂಗಸರು ತಮ್ಮ ಮುನ್ನೂರು ಮುನ್ನೂರು ತೆಗೆದುಕೊಂಡು, ಸೂತಕದ ಮನೆಯಿಂದ ಹೋಗುವವರ ಹಾಗೆ ತಲೆ ತಗ್ಗಿಸಿ ಹೋದರು. ನನಗೆ ಈ ಮನುಷ್ಯನ ಮೇಲೆ ಬಂದ ಕೋಪಕ್ಕೆ ಎಲ್ಲೆಯೇ ಇರಲಿಲ್ಲ. ಮಾನ ದೊಡ್ಡದೇ, ಆದರೆ ಮಗಳ ಓದಿಗಿಂತ ದೊಡ್ಡದೇ?

ಹೆಂಡತಿಗೂ ಅದೇ ಅನಿಸಿತು. ಸಂಜೆ ಆಕೆ ಮನೆಗೆ ಬಂದು ಹತ್ತು ನಿಮಿಷಕ್ಕೆ ಮೇಲಿನಿಂದ ದನಿ ಏರಿತು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಂಗೆ ಮಾಡಿದ್ರಲ್ಲಾ! ನಿಮ್ಮ ಮಾನ ಇಟ್ಕೊಂಡು ನನ್ನ ಮಗಳು ಏನ್ ಮಾಡ್ಲಿ? ಕಾಲೇಜಲ್ಲಿ ಅದನ್ನೇ ಕಟ್ಟೋಕಾಗುತ್ತಾ?" ಅವರು ಏನು ಹೇಳಿದರೋ ಕೇಳಿಸಲಿಲ್ಲ. ನಮ್ಮ ಮನೆಯವರು ಟೀವಿಯ ಸದ್ದು ಜೋರು ಮಾಡಿದರು. ನಾನು ಎದ್ದು ಹೋಗಿ ಕಡಿಮೆ ಮಾಡಿದೆ.

ಮರುದಿನ ಬೆಳಿಗ್ಗೆ ಹೂವು ಕೊಡಲು ಬಂದ ಹೂವಿನವಳು ತನ್ನ ಮುನ್ನೂರು ರೂಪಾಯಿ ಹಿಡಿದುಕೊಂಡು ಮೇಲೆ ಹತ್ತಿದಳು. ನಾನು ಕೆಳಗೆ ರಂಗೋಲಿ ಬಿಡುತ್ತಿದ್ದೆ. "ಅಕ್ಕಾ, ಇದು ನಂಗೆ ಬ್ಯಾಡ. ಮಗೂ ಫೀಸಿಗೆ ಇಟ್ಕೊಳ್ಳಿ" ಎಂದದ್ದು ಕೇಳಿಸಿತು. ರಾತ್ರಿಯ ಸಿಟ್ಟು ನೋಡಿದರೆ ಹೆಂಡತಿ ತಟಕ್ಕನೆ ಕಿತ್ತುಕೊಳ್ಳಬೇಕಿತ್ತು.

"ಚೀಟಿ ಅಂದ್ಮೇಲೆ ಚೀಟಿ ಕಣಮ್ಮಾ" ಎಂದರು ಆಕೆ. "ನಮ್ಮನೆಯವರು ಕೂಗಿದ್ದು ಕೂಗಾಯ್ತು. ತಗೊಂಡ್ಹೋಗು." ಆಮೇಲೆ ದನಿ ತಗ್ಗಿಸಿ, "ಒಂದು ಮೊಳ ಜಾಸ್ತಿ ಹಾಕು ಬೇಕಾದ್ರೆ, ತಗೊಂತೀನಿ" ಎಂದರು. ನಾಲಿಗೆಯಲ್ಲಿ ಎಷ್ಟೇ ಹರಿತ ಇರಲಿ, ಆಕೆ ಅವರ ಹೆಂಡತಿಯೇ.

ಆಕೆ ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಅವರು ಬಂದು ನಮ್ಮ ಬಾಗಿಲಲ್ಲಿ ನಿಂತರು. ಅಂಗಿಯ ಗುಂಡಿಯೊಂದನ್ನು ತಪ್ಪು ಕಾಜಿಗೆ ಹಾಕಿಕೊಂಡಿದ್ದರು. ಅವರು ಹಾಗೆ ಮಾಡುವವರಲ್ಲ.

"ಮೇಡಂ, ಒಂದು ಆರು ಸಾವಿರ ಸಾಲ ಬೇಕಿತ್ತು."

ನನಗೆ ರೇಗಿ ಹೋಯಿತು. "ಅಲ್ರೀ, ನಿನ್ನೆ ಇದೇ ಹಾಲಲ್ಲಿ ಆರು ಸಾವಿರ ಬೀದಿಗೆಲ್ಲಾ ಹಂಚಿ, ಇವತ್ತು ಅದೇ ಆರು ಸಾವಿರ ಸಾಲ ಕೇಳ್ತೀರಲ್ಲ! ಇದು ಯಾವ ಸೀಮೆ ಲೆಕ್ಕ?"

ಅವರು ಬಹಳ ಹೊತ್ತು ಕೋಲಿನ ಹಿಡಿಯನ್ನು ಒರೆಸಿದರು. "ಸಾಲ ಕೇಳಿದ್ರೆ ನೀವು ಇಲ್ಲ ಅನ್ಬೋದು ಮೇಡಂ" ಎಂದರು. "ನಿನ್ನೆ ಯಾರೂ ಇಲ್ಲ ಅನ್ನಂಗಿರ್ಲಿಲ್ಲ. ನಾನೂ ಬೇಡ ಅನ್ನಂಗಿರ್ಲಿಲ್ಲ. ಕಾಲು ಹೋದ್ಮೇಲೆ ಎಲ್ರೂ ನನಗೆ ಜಾಗ ಬಿಡ್ತಾರೆ, ಸೀಟು ಬಿಡ್ತಾರೆ. ಒಳ್ಳೆಯೋರು. ಆದ್ರೆ ಬೇಕಾ ಅಂತ ಯಾರೂ ಕೇಳಲ್ಲ."

ಒಳಗೆ ಹೋಗಿ ದುಡ್ಡು ತಂದು ಅವರ ಕೈಗೆ ತುರುಕಿ, ವಾಪಸ್ ಬೇಡ ಎಂದು ಹೇಳಿಬಿಡಬೇಕೆಂದು ಜೀವ ಹಾತೊರೆಯಿತು. ಹಾಗೆ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಆದಷ್ಟು ಗಂಟುಮೋರೆ ಮಾಡಿ, "ಬಡ್ಡಿ ಎಷ್ಟು ಕೊಡ್ತೀರಿ?" ಎಂದೆ.

ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. "ನೀವೇ ಹೇಳಿ ಮೇಡಂ."

"ನೂರಕ್ಕೆ ಒಂದು ರೂಪಾಯಿ."

"ಹೊರಗಡೆ ಎರಡು ರೂಪಾಯಿ ನಡೀತಿದೆ."

"ನನಗೆ ಒಂದೇ ಸಾಕು."

"ಎರಡು ಮೇಡಂ."

"ಒಂದೂವರೆ. ಅದರ ಮೇಲೆ ಒಂದು ಕಾಸು ಮುಟ್ಟಲ್ಲ. ಒಪ್ಪಿಗೆ ಇದ್ರೆ ತಗೊಳ್ರಿ, ಇಲ್ಲ ಬೇರೆ ಕಡೆ ನೋಡ್ಕೊಳ್ರಿ."

"ಆಯ್ತು, ಒಂದೂವರೆ" ಎಂದರು. ಜೀವನದಲ್ಲಿ ಅವರು ಮಾಡಿದ ಒಂದೇ ಒಂದು ಚೌಕಾಸಿ ಅದು. ಅದನ್ನೂ ತಮ್ಮ ಜೇಬಿಗೆ ಕತ್ತರಿ ಹಾಕುವುದಕ್ಕೇ ಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನಮ್ಮ ಮನೆಯವರು, ಅವರು ಹೋದ ಮೇಲೆ, "ನೀನು ಇಷ್ಟು ಕಟುಕಿ ಅಂತ ಗೊತ್ತಿರ್ಲಿಲ್ಲ ನೋಡು" ಎಂದರು. ಅವರಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ಫೀಸು ಕಟ್ಟಾಯಿತು. ಹುಡುಗಿಯ ಹೆಸರು ಹಾಜರಿಯಲ್ಲಿ ಉಳಿಯಿತು. ಕೆಲವು ತಿಂಗಳಿಗೆ ಲೈಟ್ ಡ್ಯೂಟಿಯ ಅರ್ಜಿಯೂ ಕುಂಟುತ್ತಾ ಕೊನೆಯ ಮೇಜು ಮುಟ್ಟಿತು. ಡಿಪೋದಲ್ಲಿ ಕೂತು ಕಂಡಕ್ಟರುಗಳಿಗೆ ಟಿಕೆಟ್ ಮೆಷಿನ್ ಕೊಡುವ, ತೆಗೆದುಕೊಳ್ಳುವ ಕೆಲಸ. ಪ್ರತಿ ತಿಂಗಳೂ ತಪ್ಪದೆ ಬಂದು ಸಾಲದ ಕಂತು ಕೊಡುತ್ತಿದ್ದರು. ಪ್ರತಿ ಸಲವೂ ನಾನು ಕಾಫಿ ಮಾಡುತ್ತೇನೆ ಎನ್ನುತ್ತಿದ್ದೆ. ಹಿಂದೆಲ್ಲಾ ನಮ್ಮ ಮೆಟ್ಟಿಲ ಮೇಲೆ ದಿನವೂ ಕಾಫಿ ಕುಡಿದವರು ಈಗ, "ಬೇಡ ಮೇಡಂ, ಹೊಟ್ಟೆ ಉರಿ, ಡಾಕ್ಟ್ರು ಬಿಡು ಅಂದಿದಾರೆ" ಎನ್ನುತ್ತಿದ್ದರು. ಮಾತ್ರೆಗಳಿಂದ ಇರಬಹುದು ಎಂದುಕೊಂಡು ನಾನು ನಂಬಿದ್ದೆ. ನಾಲ್ಕಾರು ಸಲ ಜೀರಿಗೆ ಕಷಾಯವನ್ನೂ ಮಾಡಿ ಕಳಿಸಿದ್ದೆ.

ಕೊನೆಯ ಕಂತಿನ ದಿನ ಡ್ಯೂಟಿಯಿಂದ ನೇರವಾಗಿ ಬಂದರು. ಅಸಲು ಬೇರೆ, ಬಡ್ಡಿ ಬೇರೆ ಇಟ್ಟಿದ್ದರು. "ಬಡ್ಡಿ ಬಿಟ್ಬಿಡೇ" ಎಂದು ನಮ್ಮ ಮನೆಯವರು ಪಕ್ಕದಿಂದ ಗೊಣಗಿದರು. ನಾನು ಅವರತ್ತ ಒಂದು ನೋಟ ಬೀರಿದೆ. ಕ್ಲಾಸಿನಲ್ಲಿ ಎಷ್ಟೋ ಹುಡುಗರನ್ನು ಸುಮ್ಮನಾಗಿಸಿದ ನೋಟ ಅದು. ಕನ್ನಡಕ ಹಾಕಿಕೊಂಡು ಒಂದೊಂದೇ ನೋಟನ್ನು ಬಿಡಿಸಿ ಎಣಿಸಿದೆ. ಬಡ್ಡಿಯನ್ನೂ ಎಣಿಸಿದೆ. ಅಷ್ಟು ಕಷ್ಟಪಟ್ಟು ನಾನು ಬೇರೆ ಯಾವ ದುಡ್ಡನ್ನೂ ತೆಗೆದುಕೊಂಡಿಲ್ಲ. ನಾನು ಎಣಿಸಿ ಮುಗಿಸುವವರೆಗೂ ಅವರು ನಿಂತೇ ಇದ್ದರು.

"ಸರಿ ಇದೆ" ಎಂದೆ. "ತೀರಿತು."

"ತೀರಿತಾ ಮೇಡಂ?"

"ತೀರಿತ್ರೀ."

ಅವರು ಒಂದು ದೊಡ್ಡ ಉಸಿರು ಬಿಟ್ಟರು. ಕೋಲನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು, ಬಲಗಾಲು ಚಾಚಿ ಕೂತರು.

"ಹಂಗಾದ್ರೆ ಒಂದು ಲೋಟ ಕಾಫಿ ಕೊಡಿ ಮೇಡಂ" ಎಂದರು. "ಸ್ಟ್ರಾಂಗಾಗಿರ್ಲಿ."